ಕೊಡಗಿನಲ್ಲಿ ಗರ್ಭಿಣಿಯರ ರಕ್ತಹೀನತೆ ಅಧ್ಯಯನ: ಪ್ರಶ್ನೆ ಬರೆಯುವುದರಿಂದ ಅಂಕಿಗೆ ಬೀಗ ಹಾಕುವವರೆಗೆ

ಎಂಟನೇ ತಿಂಗಳ ಗರ್ಭಿಣಿಯೊಬ್ಬರ ಎಚ್‌ಬಿ (ಹಿಮೋಗ್ಲೋಬಿನ್) ಡೆಸಿಲೀಟರಿಗೆ 11.4 ಗ್ರಾಂ ಬಂದಿದೆ ಅಂದುಕೊಳ್ಳಿ. ಅವರ ಮನೆ ಘಟ್ಟದ ಬುಡದ ಸಂಪಾಜೆಯಲ್ಲಿದ್ದರೆ ಅದು 11.4 ಆಗಿಯೇ ಉಳಿಯುತ್ತದೆ. ವಿರಾಜಪೇಟೆಯಲ್ಲಿದ್ದರೆ, ಎತ್ತರದ ಊರಿನಲ್ಲಿ ಎಚ್‌ಬಿ ಸಹಜವಾಗಿಯೇ ಏರಿರುವುದರಿಂದ ಅಷ್ಟನ್ನು ಕಳೆದು 11.0, ರಕ್ತಹೀನತೆಯ 11ರ ಗೆರೆಯ ಮೇಲೆ ನಿಂತಂತೆ. ಮಡಿಕೇರಿಯಲ್ಲಿದ್ದರೆ 10.6, ರಕ್ತಹೀನತೆ. ಒಂದೇ ರಕ್ತ, ಒಂದೇ ಯಂತ್ರ, ಉತ್ತರ ಮೂರು. ಕೊಡಗಿನಲ್ಲಿ ಅಧ್ಯಯನ ಮಾಡುವವರು ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ತೆರೆಯುವ ಮೊದಲೇ ಇಂಥ ಹತ್ತಾರು ಕಡೆ ಎಡವುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮತ್ತು ಅಧ್ಯಯನದ ನರ್ಸ್‌ಗಳಿಗಾಗಿ ಬರೆದ ಈ ಮಾರ್ಗದರ್ಶಿ ಒಂದೇ ಉದಾಹರಣೆಯನ್ನು ಹಿಡಿದು ಕೊನೆತನಕ ಸಾಗುತ್ತದೆ. ನಿಮ್ಮ ವಿಷಯ ರಕ್ತದೊತ್ತಡವೋ ಹೆರಿಗೆ ನಂತರದ ರಕ್ತಸ್ರಾವವೋ ಆಗಿದ್ದರೂ ಹಂತಗಳು ಇವೇ, ಅಳತೆಯ ವಿವರ ಮಾತ್ರ ಬೇರೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಕೊಡಗಿನ ಗರ್ಭಿಣಿಯರಲ್ಲಿ ರಕ್ತಹೀನತೆ ಮತ್ತು ಅದಕ್ಕೆ ಕಾರಣವಾಗುವ ಅಂಶಗಳು" ಎಂಬುದು ಪ್ರಶ್ನೆಯಲ್ಲ, ಬರೀ ಶೀರ್ಷಿಕೆ. ಪ್ರಶ್ನೆಯಲ್ಲಿ ನಾಲ್ಕು ವಿಷಯ ಇರಲೇಬೇಕು: ಯಾರಲ್ಲಿ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಯಾವ ಅಳತೆ ಎಷ್ಟು ಬದಲಾಗುತ್ತದೆ.

ನಮ್ಮ ಉದಾಹರಣೆ ಇದು. ಕೊಡಗಿನ ತೋಟದ ಮನೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಲ್ಲದ ಕಾಫಿ ಅಥವಾ ಚಹಾ ನಡೆದೇ ಇರುತ್ತದೆ. ಕಾಫಿ, ಚಹಾಗಳಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಊಟವಾದ ಒಂದು ಗಂಟೆಗೆ ಕುಡಿದ ಕಾಫಿಯೂ ಊಟದ ಜೊತೆಗೆ ಕುಡಿದಷ್ಟೇ ತಡೆಯುತ್ತದೆ ಎಂಬುದು 1980ರ ದಶಕದಿಂದಲೇ ಗೊತ್ತಿರುವ ವಿಷಯ. ಹಾಗಾದರೆ ಪ್ರಶ್ನೆ: 12ರಿಂದ 16 ವಾರದ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆಯನ್ನು ಮಲಗುವ ಹೊತ್ತಿಗೆ, ಕಾಫಿಗೂ ಮಾತ್ರೆಗೂ ಎರಡು ಗಂಟೆ ಅಂತರವಿಟ್ಟು ನುಂಗಲು ಕಲಿಸಿ, ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಮಾತ್ರೆ ಎಣಿಸಿದರೆ, ಈಗಿನ ಮಾಮೂಲಿ ಸಲಹೆಗೆ ಹೋಲಿಸಿದಾಗ 34ನೇ ವಾರದ ಎಚ್‌ಬಿ ಡೆಸಿಲೀಟರಿಗೆ ಎಷ್ಟು ಗ್ರಾಂ ಹೆಚ್ಚಾಗುತ್ತದೆ?

ಮಾತ್ರೆ ಎರಡೂ ಗುಂಪಿಗೆ ಒಂದೇ. ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ದಿನಕ್ಕೆ 60 ಮಿ.ಗ್ರಾಂ. ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಎರಡನೇ ತ್ರೈಮಾಸಿಕದಿಂದ ಕನಿಷ್ಠ 180 ದಿನ. ಯಾರಿಗೂ ಸರ್ಕಾರಿ ಪ್ರಮಾಣಕ್ಕಿಂತ ಕಡಿಮೆ ಕೊಡುತ್ತಿಲ್ಲ. ನೈತಿಕ ಸಮಿತಿಯ ಮುಂದೆ ಇದು ದೊಡ್ಡ ಅನುಕೂಲ.

ಮುಖ್ಯ ಫಲಿತಾಂಶ ಒಂದೇ ಇರಲಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮಿಸೊಪ್ರೊಸ್ಟಾಲ್ (ಹೆರಿಗೆ ನಂತರದ ಅತಿ ರಕ್ತಸ್ರಾವ ತಡೆಯುವ ಮಾತ್ರೆ) ಅಧ್ಯಯನವನ್ನು ನೋಡಿ: 1,620 ತಾಯಂದಿರು, ಒಂದು ಔಷಧ, ಒಂದು ಅಳತೆ. ಹೆರಿಗೆಯ ನಂತರದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಗುರುತು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರು. ಅತಿ ರಕ್ತಸ್ರಾವ ಶೇ. 12.0ರಿಂದ 6.4ಕ್ಕೆ ಇಳಿದದ್ದು ಯಾರೂ ಅಲ್ಲಗಳೆಯದಂತೆ ಕಂಡಿತು. ಕೆಲಸ ಮಾಡಿದವರು ಹಳ್ಳಿಯ ಸಹಾಯಕ ದಾದಿಯರು. ಹದಿನೆಂಟು ಫಲಿತಾಂಶಗಳ ಪಟ್ಟಿ ಮಾಡಿಕೊಂಡು ಹೊರಟಿದ್ದರೆ ಅಷ್ಟು ಸ್ಪಷ್ಟ ಉತ್ತರ ಬರುತ್ತಿರಲಿಲ್ಲ.

ಹಂತ 2: ಎಷ್ಟು ಮಂದಿ ಬೇಕು

ಎರಡು ಗುಂಪುಗಳ ಸರಾಸರಿ ಹೋಲಿಸುವಾಗ ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ ಹೀಗೆ ಬರುತ್ತದೆ: 2 × 7.84 × (ಎಸ್‌ಡಿಯ ವರ್ಗ) ÷ (ಹುಡುಕುವ ವ್ಯತ್ಯಾಸದ ವರ್ಗ). ಎಸ್‌ಡಿ ಎಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ. ಇಲ್ಲಿ 7.84 ಎಂಬುದು ಶೇ. 5 ಮಹತ್ವದ ಮಟ್ಟ (ಇಲ್ಲದ ವ್ಯತ್ಯಾಸ ಕಂಡಂತಾಗುವ ಸಂಭವ), ಶೇ. 80 ಪವರ್ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಂಭವ) ಎಂದಿಟ್ಟುಕೊಂಡಾಗ ಬರುವ ಸಂಖ್ಯೆ. ಎಸ್‌ಡಿಯನ್ನು ಬೇರೆ ದೇಶದ ಲೇಖನದಿಂದ ಎತ್ತಿಕೊಳ್ಳಬೇಡಿ. ನಿಮ್ಮದೇ ಕೇಂದ್ರದ ಹಳೆಯ 100 ತಾಯಿ ಕಾರ್ಡುಗಳಿಂದ ಲೆಕ್ಕ ಹಾಕಿ, ಅರ್ಧ ದಿನದ ಕೆಲಸ.

ಎಸ್‌ಡಿ 1.2, ಹುಡುಕುವ ವ್ಯತ್ಯಾಸ 0.5 ಗ್ರಾಂ ಎಂದಿಟ್ಟರೆ ಗುಂಪಿಗೆ 91. ವ್ಯತ್ಯಾಸ 0.3 ಮಾತ್ರ ಎಂದಿಟ್ಟರೆ ಅದೇ ಸಂಖ್ಯೆ 251ಕ್ಕೆ ಹಾರುತ್ತದೆ. ಆಸೆಯ ವ್ಯತ್ಯಾಸವನ್ನು ಸೂತ್ರಕ್ಕೆ ತುಂಬಿ ಸಂಖ್ಯೆ ಕಡಿಮೆ ಮಾಡಿಕೊಳ್ಳುವುದು ಪ್ರಬಂಧಗಳಲ್ಲಿ ಅತಿ ಸಾಮಾನ್ಯ ರೋಗ. ಎಷ್ಟು ಬದಲಾದರೆ ಚಿಕಿತ್ಸೆಯ ದೃಷ್ಟಿಯಿಂದ ಬೆಲೆಯಿದೆ ಎಂದು ಪ್ರಸೂತಿ ತಜ್ಞರ ಜೊತೆ ಕೂತು ಮೊದಲೇ ತೀರ್ಮಾನಿಸಿ.

ಇನ್ನೂ ಮುಗಿಯಲಿಲ್ಲ. ಒಂದೇ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಇಬ್ಬರು ಗರ್ಭಿಣಿಯರಲ್ಲಿ ಒಬ್ಬರಿಗೆ ಕಾಫಿ ಬಗ್ಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ, ಸಂಜೆ ನಲ್ಲಿಯ ಹತ್ತಿರವೇ ವಿಷಯ ಹಂಚಿಕೆಯಾಗುತ್ತದೆ. ಹಾಗಾಗಿ ಹಂಚಿಕೆ ವ್ಯಕ್ತಿಗಲ್ಲ, ಇಡೀ ಉಪಕೇಂದ್ರಕ್ಕೆ. ಒಂದೇ ಉಪಕೇಂದ್ರದ ಮಹಿಳೆಯರು ಒಬ್ಬರನ್ನೊಬ್ಬರು ಹೋಲುವುದರಿಂದ ಸಂಖ್ಯೆಯನ್ನು ಹಿಗ್ಗಿಸಬೇಕು: 1 + (ಉಪಕೇಂದ್ರಕ್ಕೆ ಎಷ್ಟು ಮಂದಿ − 1) × ಹೋಲಿಕೆಯ ಗುಣಾಂಕ. ಉಪಕೇಂದ್ರಕ್ಕೆ 20 ಮಂದಿ, ಗುಣಾಂಕ 0.02 ಎಂದಿಟ್ಟರೆ 1.38. ಆಗ 91 ಇದ್ದದ್ದು 126. ಐದರಲ್ಲಿ ಒಬ್ಬರು ಕೈತಪ್ಪುತ್ತಾರೆ ಎಂದುಕೊಂಡರೆ 126 ÷ 0.8, ಅಂದರೆ 158. ಗುಂಪಿಗೆ 8 ಉಪಕೇಂದ್ರ, ಒಟ್ಟು 16 ಉಪಕೇಂದ್ರ, 320 ಮಂದಿ. ಎರಡು ಮೂರು ಉಪಕೇಂದ್ರಗಳಲ್ಲಿ ನೂರಾರು ಮಂದಿಯನ್ನು ತುಂಬಿಕೊಂಡರೆ ಇದಕ್ಕೆ ಸಮವಾಗುವುದಿಲ್ಲ. ಹೀಗೆ ವ್ಯಕ್ತಿಯ ಬದಲು ಇಡೀ ಗುಂಪನ್ನು ಹಂಚುವ ಕ್ಲಸ್ಟರ್ ಅಧ್ಯಯನದಲ್ಲಿ ಬಲ ಬರುವುದು ಉಪಕೇಂದ್ರಗಳ ಸಂಖ್ಯೆಯಿಂದ.

ಹಂತ 3: ಅನುಮತಿಗಳು, ಸರಿಯಾದ ಕ್ರಮದಲ್ಲಿ

ಮೊದಲು ಸಂಸ್ಥೆಯ ನೈತಿಕ ಸಮಿತಿ. ಔಷಧ ಪ್ರಯೋಗವಲ್ಲದ ಇಂಥ ಆರೋಗ್ಯ ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಹೊಸ ಔಷಧದ ಪ್ರಯೋಗವಾದರೆ ಸಿಡಿಎಸ್‌ಸಿಒ (ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ) ನೋಂದಣಿ ಬೇಕು, ಆ ದಾರಿ ಬೇರೆಯೇ. ಸಭೆಗೆ ಕನಿಷ್ಠ ಐದು ಸದಸ್ಯರ ಕೋರಂ ಇತ್ತೇ, ಅದರಲ್ಲಿ ಕಾನೂನು ತಿಳಿದವರು ಮತ್ತು ಜನಸಾಮಾನ್ಯರ ಪ್ರತಿನಿಧಿ ಇದ್ದರೇ ಎಂದು ಅನುಮೋದನೆ ಪತ್ರದಲ್ಲೇ ನೋಡಿಕೊಳ್ಳಿ. ಮುಂದೆ ಜರ್ನಲ್‌ನವರು ಕೇಳುತ್ತಾರೆ.

ಅನುಮೋದನೆ ಸಿಕ್ಕ ಮೇಲೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪೋರ್ಟಲ್ ಸಿಟಿಆರ್‌ಐ. ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ ಮೊದಲ ಮಹಿಳೆಯನ್ನು ಸೇರಿಸುವ ಮುನ್ನವೇ ನೋಂದಣಿ ಮುಗಿದಿರಬೇಕು, ಆಮೇಲೆ ಮಾಡಿಕೊಳ್ಳಲು ಬರುವುದಿಲ್ಲ. ಪ್ರಶ್ನೆಗಳು ಬಂದು ಉತ್ತರಿಸಿ ಮತ್ತೆ ಕಳಿಸುವ ಓಡಾಟಕ್ಕೆ ಕೆಲವು ವಾರ ಇಟ್ಟುಕೊಳ್ಳಿ.

ಜೊತೆಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿ, ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿಗಳ ಪತ್ರ. ಜೇನುಕುರುಬರ, ಯರವರ ಹಾಡಿಗಳಿಗೆ ಹೋಗುವುದಾದರೆ ಬುಡಕಟ್ಟು ಕಲ್ಯಾಣ ಅಧಿಕಾರಿ ಅಥವಾ ಜಿಲ್ಲಾಧಿಕಾರಿಯ ಅನುಮತಿಯೂ ಬೇಕು. 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಡಿಯ ಯಜಮಾನರ ಜೊತೆ ಮಾತು ಆಮೇಲೆ, ಆದರೆ ಬಿಡುವಂತಿಲ್ಲ.

ಪ್ರೋಟೋಕಾಲ್‌ನಲ್ಲಿ (ಅಧ್ಯಯನದ ಲಿಖಿತ ಯೋಜನೆ) ಎರಡು ಪುಟ ಇಲ್ಲದಿದ್ದರೆ ಸಮಿತಿ ವಾಪಸ್ ಕಳಿಸುತ್ತದೆ, ಕಳಿಸಬೇಕು ಕೂಡ. ಮೊದಲನೆಯದು ತೀವ್ರ ರಕ್ತಹೀನತೆ ಸಿಕ್ಕಾಗ ಏನು ಮಾಡುತ್ತೀರಿ ಎಂಬುದು. ಎಚ್‌ಬಿ 7ಕ್ಕಿಂತ ಕೆಳಗಿದ್ದರೆ ಅದೇ ದಿನ ಯಾರು, ಯಾರಿಗೆ, ಯಾವ ಆಸ್ಪತ್ರೆಗೆ ಫೋನ್ ಮಾಡುತ್ತಾರೆ, ವಾಹನ ಯಾವುದು ಎಂದು ಬರೆಯಿರಿ. ಮೂರನೇ ತ್ರೈಮಾಸಿಕದಲ್ಲಿ 7ರ ಕೆಳಗೆ, ಅಥವಾ ಯಾವಾಗಲೇ ಆಗಲಿ 5ರ ಕೆಳಗೆ ಬಂದರೆ ತಕ್ಷಣ ದಾಖಲು. ಎರಡನೆಯದು 18 ತುಂಬದ ಗರ್ಭಿಣಿ ಎದುರಾದಾಗ ಏನು ಎಂಬುದು. ಪೋಕ್ಸೋ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ, ಸಂಶೋಧಕರಿಗೆ ವಿನಾಯಿತಿ ಇಲ್ಲ. ಇದನ್ನು ಮೊದಲೇ ಯೋಚಿಸದೆ ಹಳ್ಳಿಗೆ ಹೋದ ನರ್ಸ್ ಒಬ್ಬರೇ ಆ ಭಾರ ಹೊರುವಂತೆ ಮಾಡಬಾರದು.

ಹಂತ 4: ಕ್ಯಾಲೆಂಡರನ್ನು ಮಳೆ ಮತ್ತು ಕಾಫಿ ಕೊಯ್ಲಿನ ಜೊತೆ ಹೊಂದಿಸಿ

ಬೇರೆ ಜಿಲ್ಲೆಯ ಪ್ರೋಟೋಕಾಲ್ ಇಲ್ಲಿ ಮುರಿಯುವುದು ಇಲ್ಲೇ. 14ನೇ ವಾರದಲ್ಲಿ ಸೇರಿಸಿ 34ನೇ ವಾರದಲ್ಲಿ ಕೊನೆಯ ರಕ್ತ ತೆಗೆಯಬೇಕಾದರೆ ನಡುವೆ 20 ವಾರ. ಜೂನ್‌ನಲ್ಲಿ ಸೇರಿಸಲು ಶುರುಮಾಡಿದರೆ ಮೊದಲ ಭೇಟಿಗಳು ಮಳೆಯಲ್ಲಿ ಕೊಚ್ಚಿಹೋಗುತ್ತವೆ, ಕೊನೆಯ ಭೇಟಿಗಳು ನವೆಂಬರ್‌ನಿಂದ ಜನವರಿವರೆಗಿನ ಅರೇಬಿಕಾ ಕೊಯ್ಲಿಗೆ ಸಿಕ್ಕಿಬೀಳುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದು ಎಲ್ಲರಿಗೂ ನೆನಪಿದೆ. ಅಷ್ಟಾಗದಿದ್ದರೂ ಮರ ಬಿದ್ದು ಎರಡು ದಿನ ದಾರಿ ಮುಚ್ಚುವುದು, ವಾರಗಟ್ಟಲೆ ಕರೆಂಟ್ ಬಂದು ಹೋಗುವುದು ಪ್ರತಿ ಮಳೆಗಾಲದ ಮಾಮೂಲು.

ಸೆಪ್ಟೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ ಸೇರಿಸುವುದು ಒಳ್ಳೆಯದು. ಕೊನೆಯ ಭೇಟಿಗಳು ಫೆಬ್ರುವರಿ ಮೊದಲಿನಿಂದ ಮೇ ನಡುವಿನವರೆಗೆ ಬರುತ್ತವೆ, ಮಳೆ ಹಿಡಿಯುವ ಮುನ್ನ ಕೆಲಸ ಮುಗಿಯುತ್ತದೆ. ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಬರುವುದು ಕಷ್ಟ. ಭೇಟಿಯನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಅರ್ಧ ದಿನದ ಕೂಲಿ ಮತ್ತು ಬಸ್ಸಿನ ಖರ್ಚನ್ನು ಬಜೆಟ್‌ಗೆ ಸೇರಿಸಿ ಸಮಿತಿಯ ಒಪ್ಪಿಗೆ ಪಡೆಯಿರಿ. ಪ್ರತಿ ತಿಂಗಳ 9ನೇ ತಾರೀಖು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಹೊಸಬರನ್ನು ಭೇಟಿಯಾಗಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ, ಆದರೆ ಅಂದು ಒಪ್ಪಿಗೆಯ ಮಾತು ನೂಕುನುಗ್ಗಲಲ್ಲಿ ಆಗಬಾರದು. ಹೆಸರು ಬರೆದುಕೊಂಡು ಇನ್ನೊಂದು ದಿನ ಕರೆಯಿರಿ.

ದಕ್ಷಿಣ ಕೊಡಗಿನ ತೋಟಗಳಲ್ಲಿ ಮನೆಭೇಟಿಯನ್ನು ಸಂಜೆ ಐದರೊಳಗೆ ಮುಗಿಸುವ ನಿಯಮ ಬರೆದಿಡಿ. ಆನೆ ದಾರಿಗೆ ಬರುವ ಹೊತ್ತು ಅದು. ಇದನ್ನು ಸುರಕ್ಷತಾ ಪುಟದಲ್ಲಿ ಸೇರಿಸಿದರೆ ಯಾರೂ ನಗುವುದಿಲ್ಲ.

ಹಂತ 5: ಹಂಚಿಕೆ

16 ಉಪಕೇಂದ್ರಗಳನ್ನು ಎತ್ತರ ಮತ್ತು ತೋಟದ ಕಾರ್ಮಿಕರ ಪ್ರಮಾಣ ನೋಡಿ ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಯಾವ ವಿಧಾನ ಎಂಬುದನ್ನು ಅಧ್ಯಯನಕ್ಕೆ ಸಂಬಂಧವಿಲ್ಲದ ಸಂಖ್ಯಾಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಆರಿಸಲಿ. ತಪ್ಪು ಆಗುವುದು ಇದಾದ ಮೇಲೆ. ಉಪಕೇಂದ್ರ ಯಾವ ಗುಂಪಿಗೆ ಬಿತ್ತು ಎಂದು ಆಶಾಗೆ ಮೊದಲೇ ಗೊತ್ತಾದರೆ, ಹೊಸ ವಿಧಾನದ ಕಡೆ ಮಾತು ಕೇಳುವಂಥವರನ್ನೇ ಕರೆತರುವ ಸಹಜ ಒಲವು ಹುಟ್ಟುತ್ತದೆ. ಅದರಲ್ಲಿ ಕೆಟ್ಟ ಉದ್ದೇಶವಿಲ್ಲ, ಆದರೆ ಗುಂಪುಗಳು ಮೊದಲ ದಿನವೇ ಬೇರೆಯಾಗಿಬಿಡುತ್ತವೆ. ಅದಕ್ಕೇ ಮೊದಲು ಆ ಉಪಕೇಂದ್ರದ ಅರ್ಹ ಗರ್ಭಿಣಿಯರ ಪಟ್ಟಿ ಮಾಡಿ, ಒಪ್ಪಿಗೆ ಪಡೆದು, ಮೊದಲ ರಕ್ತ ತೆಗೆದ ಮೇಲೆಯೇ ಯಾವ ಗುಂಪು ಎಂದು ತಿಳಿಸಿ. ಎಲ್ಲರನ್ನೂ ಒಮ್ಮೆಗೇ ಸೇರಿಸಲಾಗದಿದ್ದರೆ, ಅರ್ಹತೆ ನೋಡಿ ಸೇರಿಸುವ ಕೆಲಸವನ್ನು ಹಂಚಿಕೆ ಗೊತ್ತಿಲ್ಲದ ನರ್ಸ್‌ಗೆ ವಹಿಸಿ.

ಹಂತ 6: ಒಪ್ಪಿಗೆ

ಕನ್ನಡದ ಒಪ್ಪಿಗೆ ಪತ್ರ ಒಂದೇ ಸಾಲದು. ಮಲಯಾಳಂ, ಹಿಂದಿ, ಬಂಗಾಳಿ, ಅಸ್ಸಾಮಿ ಪ್ರತಿಗಳು ಬೇಕಾಗುತ್ತವೆ. ತೋಟಗಳಲ್ಲಿ ಈಗ ಅಸ್ಸಾಂ ಕಡೆಯ ಕುಟುಂಬಗಳು ಬಹಳ. ಪ್ರತಿ ಅನುವಾದವನ್ನು ಇನ್ನೊಬ್ಬರಿಂದ ಮರಳಿ ಕನ್ನಡಕ್ಕೆ ಮಾಡಿಸಿ ಹೋಲಿಸಿ. ಕೊಡವ ತಕ್ಕ್, ಅರೆಭಾಷೆ, ಯರವ ಮಾತನಾಡುವವರಿಗೆ ಬಾಯಿಮಾತಿನ ವಿವರಣೆಯನ್ನು ಒಂದೇ ಪಠ್ಯದಂತೆ ಅಭ್ಯಾಸ ಮಾಡಿಸಿ, ಒಬ್ಬೊಬ್ಬ ಕಾರ್ಯಕರ್ತೆ ಒಂದೊಂದು ತರಹ ಹೇಳಬಾರದು.

ಪ್ರಮಾಣವನ್ನು ಕಣ್ಣಿಗೆ ಕಟ್ಟುವಂತೆ ಹೇಳಿ: ಎಚ್‌ಬಿಗೆ 2 ಮಿ.ಲೀ., ಫೆರಿಟಿನ್‌ಗೆ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಪರೀಕ್ಷೆ) 3 ಮಿ.ಲೀ., ಒಟ್ಟು ಒಂದು ಟೀ ಚಮಚ. "ಸ್ಯಾಂಪಲ್", "ಕಂಟ್ರೋಲ್ ಗ್ರೂಪ್" ಎಂಬ ಮಾತುಗಳು ಪತ್ರದಲ್ಲಿ ಬೇಡ. ವಿವರಿಸಿದ ಮೇಲೆ "ಅಕ್ಕಾ, ಈಗ ನಾವೇನು ಮಾಡ್ತೀವಿ ಅಂತ ನೀವು ಹೇಳಿ ನೋಡೋಣ" ಎಂದು ಕೇಳಿ. ಅವರು ತಿರುಗಿ ಹೇಳಲಾಗದಿದ್ದರೆ ಸಹಿ ಹಾಕಿಸಬೇಡಿ.

ಒಪ್ಪಿಗೆ ಆ ಮಹಿಳೆಯದೇ. ಗಂಡ, ಅತ್ತೆ ಜೊತೆಗಿರಬಹುದು, ಅವರ ಸಹಿ ಇವರದಕ್ಕೆ ಬದಲಿಯಲ್ಲ. ತೋಟದ ಮಾಲೀಕರು ಒಳಗೆ ಬಿಡುವುದು ಗೇಟಿನ ಅನುಮತಿ ಅಷ್ಟೇ. ಮಾತು ನಡೆಯುವಾಗ ರೈಟರ್ ಅಥವಾ ಮೇಸ್ತ್ರಿ ಅಲ್ಲಿ ನಿಂತಿರಬಾರದು. ದಿನಗೂಲಿ ಬರೆಯುವವರು ಎದುರಿಗಿದ್ದರೆ "ಬೇಡ" ಎಂಬ ಮಾತು ಬಾಯಿಗೆ ಬರುವುದಿಲ್ಲ. ಹೆಬ್ಬೆಟ್ಟು ಒತ್ತುವವರಿದ್ದರೆ ಅಧ್ಯಯನ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಇಡೀ ವಿವರಣೆ ಕೇಳಿ ಸಹಿ ಹಾಕಬೇಕು. ಒಂದು ಪ್ರತಿ ಅವರ ಕೈಗೆ, ತಾಯಿ ಕಾರ್ಡಿನೊಳಗೆ ಮಡಿಸಿ ಕೊಡಿ.

ಹಂತ 7: ಗರ್ಭದ ವಾರವನ್ನು ಸರಿಯಾಗಿ ಹಿಡಿಯಿರಿ

ವಾರ ತಪ್ಪಾದರೆ 34ನೇ ವಾರದ ಎಚ್‌ಬಿ ಎಂಬುದಕ್ಕೇ ಅರ್ಥವಿಲ್ಲ. ಗರ್ಭದಲ್ಲಿ ರಕ್ತದ ನೀರಿನಂಶ ಹೆಚ್ಚಿ ಎಚ್‌ಬಿ ಎರಡನೇ ತ್ರೈಮಾಸಿಕದಲ್ಲಿ ಇಳಿದು ಆಮೇಲೆ ಸ್ವಲ್ಪ ಏರುತ್ತದೆ. ನಾಲ್ಕು ವಾರ ಹಿಂದೆಮುಂದೆ ಆದರೆ ಚಿಕಿತ್ಸೆಯ ಪರಿಣಾಮ ಯಾವುದು, ಗರ್ಭದ ಸಹಜ ಏರಿಳಿತ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ.

ಕೊನೆಯ ಮುಟ್ಟಿನ ದಿನ ಕೇಳುವಾಗ "ಯಾವ ತಾರೀಖು" ಎಂದು ಕೇಳಿದರೆ 1, 10, 15 ಎಂಬ ಉತ್ತರಗಳೇ ರಾಶಿ ಬೀಳುತ್ತವೆ. ಆ ವರ್ಷದ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ, ಓಣಂ, ರಂಜಾನ್, ಊರಿನ ಸಂತೆ ದಿನ, ತೋಟದ ಸಂಬಳದ ದಿನ ಇವೆಲ್ಲ ಗುರುತಾಗಿರುವ ಒಂದು ಕ್ಯಾಲೆಂಡರ್ ಮಾಡಿಕೊಳ್ಳಿ. "ತಲಕಾವೇರಿ ತೀರ್ಥೋದ್ಭವಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ" ಎಂದು ಕೇಳಿದರೆ ಉತ್ತರ ಹತ್ತಿರ ಬರುತ್ತದೆ.

ಆಮೇಲೆ ಸ್ಕ್ಯಾನ್. 13 ವಾರ 6 ದಿನದೊಳಗೆ ಶಿಶುವಿನ ತಲೆಯಿಂದ ಪೃಷ್ಠದವರೆಗಿನ ಉದ್ದವೇ ಅತ್ಯುತ್ತಮ ಅಳತೆ. ಸ್ಕ್ಯಾನ್ ಪ್ರಕಾರದ ವಾರಕ್ಕೂ ಮುಟ್ಟಿನ ಲೆಕ್ಕಕ್ಕೂ 9 ವಾರದ ಒಳಗೆ 5 ದಿನಕ್ಕಿಂತ, 9ರಿಂದ 15 ವಾರ 6 ದಿನದವರೆಗೆ 7 ದಿನಕ್ಕಿಂತ, 16ರಿಂದ 21 ವಾರ 6 ದಿನದವರೆಗೆ 10 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನ್ ದಿನಾಂಕ ಹಿಡಿಯಿರಿ, ಇಲ್ಲದಿದ್ದರೆ ಮುಟ್ಟಿನದೇ ಇರಲಿ. ಒಮ್ಮೆ ನಿಗದಿಯಾದ ಹೆರಿಗೆ ದಿನಾಂಕವನ್ನು ಮುಂದಿನ ಸ್ಕ್ಯಾನ್ ನೋಡಿ ಬದಲಿಸಬೇಡಿ. ಮೂರನೇ ತ್ರೈಮಾಸಿಕದ ಸ್ಕ್ಯಾನ್‌ನಲ್ಲಿ ಮಗು ಚಿಕ್ಕದಾಗಿ ಕಂಡಿತೆಂದು ದಿನಾಂಕ ಮುಂದಕ್ಕೆ ಹಾಕುವುದು, ಮಗು ಬೆಳೆಯುತ್ತಿಲ್ಲ ಎಂಬ ಸತ್ಯವನ್ನೇ ಅಳಿಸಿ ಹಾಕಿದಂತೆ. ಸ್ಕ್ಯಾನ್ ನೋಂದಾಯಿತ ಕೇಂದ್ರದಲ್ಲೇ, ಫಾರಂ ಎಫ್ ತುಂಬಿಯೇ ಆಗಬೇಕು. ಸಂಶೋಧನೆ ಎಂಬ ಕಾರಣಕ್ಕೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆ ಸಡಿಲವಾಗುವುದಿಲ್ಲ.

ಹಂತ 8: ರಕ್ತ

ಹೆಚ್ಚಿನ ಅಧ್ಯಯನಗಳು ಸೋಲುವುದು ಇಲ್ಲಿ. ಬೆರಳ ತುದಿಯ ಹನಿಗಿಂತ ತೋಳಿನ ರಕ್ತನಾಳದಿಂದ ತೆಗೆದ ರಕ್ತ, ಆಟೊ ಅನಲೈಸರ್‌ನಲ್ಲಿ ಓದಿದ ಎಚ್‌ಬಿ, ಇದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಿ. 2024ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ತೆಗೆಯುವ ಕ್ರಮ: ಮಹಿಳೆ ಐದು ನಿಮಿಷ ಕುಳಿತಿರಲಿ. ಮಲಗಿದರೆ ರಕ್ತ ತೆಳುವಾಗಿ ಎಚ್‌ಬಿ ಕಡಿಮೆ ತೋರಿಸುತ್ತದೆ. ಮೊದಲ ಭೇಟಿಯಲ್ಲಿ ಕೂರಿಸಿ ಕೊನೆಯ ಭೇಟಿಯಲ್ಲಿ ಮಲಗಿಸಿದರೆ ಚಿಕಿತ್ಸೆಯ ಪರಿಣಾಮ ಅಷ್ಟಕ್ಕೇ ಮಾಯವಾಗಬಹುದು. ತೋಳಿನ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಡಬೇಡಿ, ಇಟ್ಟರೆ ಎಚ್‌ಬಿ ಸುಳ್ಳಾಗಿ ಏರುತ್ತದೆ. ಫೆರಿಟಿನ್‌ನ ಟ್ಯೂಬ್ ಮೊದಲು ತುಂಬಿ, ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್ ಆಮೇಲೆ, 2 ಮಿ.ಲೀ. ಗೆರೆಯವರೆಗೆ. ಕಡಿಮೆ ತುಂಬಿದರೆ ಇಡಿಟಿಎ ಹೆಚ್ಚಾಗಿ ಕಣಗಳು ಕುಗ್ಗುತ್ತವೆ. ಮೆಲ್ಲಗೆ 8ರಿಂದ 10 ಸಲ ತಲೆಕೆಳಗು ಮಾಡಿ, ಕುಲುಕಬೇಡಿ. ಸಣ್ಣ ಹೆಪ್ಪು ಇದ್ದರೂ ಆ ಟ್ಯೂಬ್ ತ್ಯಾಜ್ಯಕ್ಕೆ. ಇಡಿಟಿಎ ರಕ್ತವನ್ನು ಅದೇ ದಿನ ಓದಿ. ಫೆರಿಟಿನ್‌ನ ರಕ್ತ 30 ನಿಮಿಷ ನಿಂತು ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ ಸೀರಮ್ ಬೇರ್ಪಡಿಸಿ, 2ರಿಂದ 8 ಡಿಗ್ರಿಯಲ್ಲಿಡಿ. ಸೆಂಟ್ರಿಫ್ಯೂಜ್ ಮತ್ತು ಫ್ರಿಜ್ ಎರಡೂ ಇನ್ವರ್ಟರ್ ಲೈನಿನಲ್ಲಿರಲಿ.

ದೂರದ ಹಾಡಿಯಲ್ಲಿ ಬೆರಳ ಹನಿ ಅನಿವಾರ್ಯವಾದರೆ ಕೈ ಬೆಚ್ಚಗೆ ಮಾಡಿಸಿ, ಮಧ್ಯದ ಅಥವಾ ಉಂಗುರ ಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲ ಎರಡು ಮೂರು ಹನಿ ಒರೆಸಿ, ತಾನಾಗಿ ಬಂದ ದೊಡ್ಡ ಹನಿಯನ್ನು ಒಮ್ಮೆಗೇ ಕ್ಯುವೆಟ್‌ಗೆ (ಎಚ್‌ಬಿ ಮೀಟರಿಗೆ ಹಾಕುವ ಪುಟ್ಟ ಪಟ್ಟಿ) ತುಂಬಿ. ಹಿಂಡಿದರೆ ಅಂಗಾಂಶದ ನೀರು ಸೇರಿ ಎಚ್‌ಬಿ ಕುಸಿಯುತ್ತದೆ. ಒಳಗೆ ರಾಸಾಯನಿಕ ಲೇಪವಿರುವ ಕ್ಯುವೆಟ್‌ಗಳಿಗೆ ಕೊಡಗಿನ ಮಳೆಗಾಲದ ಗಾಳಿ ಮಹಾಶತ್ರು. ಡಬ್ಬಿಯ ಮುಚ್ಚಳ ಒಂದು ಕ್ಷಣವೂ ತೆರೆದಿರಬಾರದು, ತೆರೆದ ದಿನಾಂಕ ಡಬ್ಬಿಯ ಮೇಲೆ ಬರೆದಿರಬೇಕು. ಮುಖ್ಯವಾಗಿ, ಒಬ್ಬ ಮಹಿಳೆಯ ಮೊದಲ ಅಳತೆ ಬೆರಳಿನಿಂದ, ಕೊನೆಯದು ತೋಳಿನಿಂದ ಆಗಲೇಬಾರದು.

ಯಂತ್ರಕ್ಕೆ ಪ್ರತಿದಿನ ಬೆಳಗ್ಗೆ ಕಡಿಮೆ, ಸಾಮಾನ್ಯ, ಹೆಚ್ಚು ಎಂಬ ಮೂರು ಮಟ್ಟದ ಕಂಟ್ರೋಲ್ (ಅಳತೆ ಮೊದಲೇ ಗೊತ್ತಿರುವ ದ್ರವ) ಹಾಕಿ ಗ್ರಾಫ್‌ನಲ್ಲಿ ಗುರುತಿಸಿ. ಒಂದು ಬಿಂದು ಮೂರು ಎಸ್‌ಡಿ ಆಚೆ ಹೋದರೆ ಅಂದಿನ ಕೆಲಸ ನಿಲ್ಲಿಸಿ ಕಾರಣ ಹುಡುಕಿ. ಎರಡು ಆಸ್ಪತ್ರೆಯ ಎರಡು ಯಂತ್ರ ಬಳಸುವುದಾದರೆ ಮೊದಲೇ 30ರಿಂದ 40 ಟ್ಯೂಬ್‌ಗಳನ್ನು ಎರಡರಲ್ಲೂ ಓದಿಸಿ ಅಂತರ ನೋಡಿ. 0.4 ಗ್ರಾಂ ಅಂತರವಿರುವ ಎರಡು ಯಂತ್ರಗಳಿಂದ 0.5 ಗ್ರಾಂ ವ್ಯತ್ಯಾಸ ಹುಡುಕಲು ಹೊರಡುವುದು ತಮಾಷೆ.

ಇನ್ನು ಎತ್ತರ. 2024ರ ಪಟ್ಟಿಯಂತೆ 500ರಿಂದ 999 ಮೀಟರ್‌ಗೆ 0.4 ಗ್ರಾಂ, 1,000ದಿಂದ 1,499ಕ್ಕೆ 0.8 ಗ್ರಾಂ ಕಳೆಯಬೇಕು. ಹಳೆಯ ಪಟ್ಟಿಯಲ್ಲಿ ಸಾವಿರ ಮೀಟರ್‌ಗೆ ಕೇವಲ 0.2 ಇತ್ತು. ಹೀಗಾಗಿ ಹಳೆಯ ಅಧ್ಯಯನದ ಶೇಕಡಾವಾರನ್ನು ಹೊಸದರ ಪಕ್ಕಕ್ಕಿಟ್ಟು "ರಕ್ತಹೀನತೆ ಹೆಚ್ಚಿದೆ" ಎಂದು ಬರೆಯುವುದು ತಪ್ಪು. ಕಳೆಯಬೇಕಾದ್ದು ಮಹಿಳೆ ವಾಸಿಸುವ ಮನೆಯ ಎತ್ತರಕ್ಕೆ, ಆಸ್ಪತ್ರೆಯ ಎತ್ತರಕ್ಕಲ್ಲ. ಸಂಪಾಜೆಯವರು ಮಡಿಕೇರಿಗೆ ಬಂದು ರಕ್ತ ಕೊಟ್ಟರೂ ಲೆಕ್ಕ ಸಂಪಾಜೆಯದೇ. ಮನೆಭೇಟಿಯಲ್ಲಿ ಫೋನಿನ ಜಿಪಿಎಸ್ ಎತ್ತರ ಬರೆದುಕೊಳ್ಳಿ, ಅದು ಹತ್ತಾರು ಮೀಟರ್ ತಪ್ಪಬಹುದಾದ್ದರಿಂದ ಮಡಿಕೇರಿ ಸುತ್ತಿನ ಗಡಿ ಊರುಗಳನ್ನು ಸರ್ವೇ ನಕ್ಷೆಯಲ್ಲಿ ತಾಳೆ ನೋಡಿ.

ಗೆರೆಯೂ ಒಂದೇ ಅಲ್ಲ. ಹೊಸ ಮಾರ್ಗಸೂಚಿಯಲ್ಲಿ ಮೊದಲ ಮತ್ತು ಮೂರನೇ ತ್ರೈಮಾಸಿಕಕ್ಕೆ 11.0, ಎರಡನೆಯದಕ್ಕೆ 10.5. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಗೆರೆ ಉದ್ದಕ್ಕೂ 11. ಆಸ್ಪತ್ರೆಯಲ್ಲಿ ಚಿಕಿತ್ಸೆ ಕಾರ್ಯಕ್ರಮದ ಪ್ರಕಾರವೇ ನಡೆಯಲಿ. ಅಧ್ಯಯನದ ಫಾರಂನಲ್ಲಿ ಯಂತ್ರ ತೋರಿಸಿದ ಅಂಕಿಯನ್ನು ಹಾಗೇ ಬರೆಯಿರಿ, ಎತ್ತರದ ಕಳೆತ, ಗೆರೆ ಎಲ್ಲ ಆಮೇಲೆ ಕಂಪ್ಯೂಟರಿನಲ್ಲಿ. ನರ್ಸ್ ಮನಸ್ಸಿನಲ್ಲೇ ಕಳೆದು ಬರೆದ ಅಂಕಿಯನ್ನು ಮತ್ತೆ ಹಿಂದಕ್ಕೆ ತರಲಾಗುವುದಿಲ್ಲ.

ಫೆರಿಟಿನ್ ಜೊತೆ ಸಿಆರ್‌ಪಿಯನ್ನೂ (ಉರಿಯೂತದ ಗುರುತು ಹಿಡಿಯುವ ಪರೀಕ್ಷೆ) ಮಾಡಿಸಿ. ಯಾಕೆಂದರೆ, ಸೋಂಕು ಅಥವಾ ಉರಿಯೂತ ಇದ್ದಾಗ ಕಬ್ಬಿಣ ಇಲ್ಲದಿದ್ದರೂ ಫೆರಿಟಿನ್ ಏರುತ್ತದೆ. ಕಬ್ಬಿಣ ಸರಿಯಾಗಿ ನುಂಗಿದರೂ ಎಚ್‌ಬಿ ಏರದವರಲ್ಲಿ, ಅದರಲ್ಲೂ ಬುಡಕಟ್ಟು ಸಮುದಾಯದವರಲ್ಲಿ, ಕುಡಗೋಲು ಕಣದ ಕಾಯಿಲೆ (ಸಿಕಲ್ ಸೆಲ್) ಅಥವಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರಬಹುದು. ಮೊದಲ ಭೇಟಿಯ ರಕ್ತದಲ್ಲೇ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸುವುದು ಕ್ಷೇಮ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕುಡಗೋಲು ಕಣ ನಿರ್ಮೂಲನಾ ಅಭಿಯಾನದಡಿ ಈಗಾಗಲೇ ಪರೀಕ್ಷೆಯಾಗಿದ್ದರೆ ಅವರ ಕಾರ್ಡ್ ಕೇಳಿ.

ಹಂತ 9: ಮಾತ್ರೆಯ ಲೆಕ್ಕ

"ಮಾತ್ರೆ ತಗೊಳ್ತಾ ಇದ್ದೀರಾ" ಎಂದರೆ ಎಲ್ಲರೂ "ಹೂಂ" ಅನ್ನುತ್ತಾರೆ. ಕೊಟ್ಟ ಸ್ಟ್ರಿಪ್‌ಗಳನ್ನು ಖಾಲಿಯಾದರೂ ಎಸೆಯದೆ ಒಂದು ಚೀಲದಲ್ಲಿ ಇಟ್ಟಿರಲು ಹೇಳಿ, ಆಶಾ ಉಳಿದವನ್ನು ಎಣಿಸಲಿ. ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ನಿಜ ಬರುತ್ತದೆ: "ಕಳೆದ ವಾರ ಎಷ್ಟು ದಿನ ಬಿಟ್ಟುಹೋಯ್ತು?" ಮಲ ಕಪ್ಪಾಗಿದೆಯೇ ಎಂಬುದು ಒಳ್ಳೆಯ ಅಡ್ಡಪರೀಕ್ಷೆ. ಎರಡೂ ಗುಂಪಿನಲ್ಲಿ ಕಾಫಿ, ಚಹಾ ಕುಡಿದ ಹೊತ್ತುಗಳನ್ನು ಹಿಂದಿನ ದಿನಕ್ಕೆ ಸೀಮಿತಗೊಳಿಸಿ ಕೇಳಿ ಬರೆಯಿರಿ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಜೊತೆಗೇ ನುಂಗುವವರು ಬಹಳ, ಅದನ್ನೂ ದಾಖಲಿಸಿ. ಎರಡನೇ ತ್ರೈಮಾಸಿಕದ ಜಂತುಹುಳು ಮಾತ್ರೆ, ನಡುವೆ ಯಾರಾದರೂ ಕೊಟ್ಟ ಕಬ್ಬಿಣದ ಡ್ರಿಪ್, ರಕ್ತ ಹಾಕಿದ್ದು ಇವೆಲ್ಲಕ್ಕೂ ಫಾರಂನಲ್ಲಿ ಜಾಗ ಇರಲಿ. ಡ್ರಿಪ್ ಪಡೆದವರನ್ನು ಅಧ್ಯಯನದಿಂದ ತೆಗೆದುಹಾಕಬೇಡಿ.

ಹಂತ 10: ಕೈತಪ್ಪುವವರನ್ನು ಹಿಡಿದಿಟ್ಟುಕೊಳ್ಳುವುದು

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ಏಳನೇ ತಿಂಗಳಿಂದಲೇ ಹೊರಡುತ್ತಾರೆ. ಸೇರಿಸುವ ದಿನವೇ ತವರಿನ ಊರು, ಹತ್ತಿರದ ಆಸ್ಪತ್ರೆ, ಮೂರು ಫೋನ್ ನಂಬರ್ ಬರೆದುಕೊಳ್ಳಿ: ಅವರದು, ಗಂಡನದು, ಮತ್ತು ಯಾವಾಗಲೂ ಊರಲ್ಲೇ ಇರುವ ಒಬ್ಬರದು. ತವರು ಪಿರಿಯಾಪಟ್ಟಣವೋ ಸುಳ್ಯವೋ ಆಗಿದ್ದರೆ ಅಲ್ಲಿಗೇ ಹೋಗಿ ರಕ್ತ ತರುವ ಖರ್ಚು ಬಜೆಟ್‌ನಲ್ಲಿರಲಿ. ಕೊನೆಯ ಭೇಟಿಗೆ 33ರಿಂದ 36 ವಾರ ಎಂಬ ಕಿಟಕಿ ಇಟ್ಟುಕೊಂಡರೆ ತಡವಾಗಿ ಹೊರಡುವವರನ್ನಾದರೂ ಹೊರಡುವ ಮುನ್ನ ಹಿಡಿಯಬಹುದು.

ವಲಸೆ ಕಾರ್ಮಿಕರ ವಿಷಯ ಇನ್ನೂ ಕಷ್ಟ. ಕೊಯ್ಲು ಮುಗಿದು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತಾರೆ. "ಆರು ತಿಂಗಳು ಇಲ್ಲೇ ಇರುವವರು ಮಾತ್ರ" ಎಂದು ಅರ್ಹತೆ ಹಾಕಿದರೆ ಕೆಲಸ ಸುಲಭ, ಆದರೆ ಹೆಚ್ಚು ರಕ್ತಹೀನತೆ ಇರಬಹುದಾದವರೇ ಹೊರಗುಳಿಯುತ್ತಾರೆ. ಅವರನ್ನು ಸೇರಿಸಿ, ಹೊರಡುವ ವಾರ ಮೊದಲೇ ತಿಳಿದುಕೊಂಡು ಅಂದೇ ಒಂದು ರಕ್ತ ತೆಗೆದಿಡಿ. ವಾರ ಎಷ್ಟಾಗಿತ್ತು ಎಂಬುದು ವಿಶ್ಲೇಷಣೆಯಲ್ಲಿ ಸೇರುತ್ತದೆ. ಕಡಿಮೆ ಮಂದಿಯನ್ನು ಸೇರಿಸಿ ಕೊನೆತನಕ ಹಿಂಬಾಲಿಸಿದ ಅಧ್ಯಯನ, ಹೆಚ್ಚು ಮಂದಿಯನ್ನು ಸೇರಿಸಿ ಮೂರನೇ ಒಂದು ಭಾಗ ಕಳೆದುಕೊಂಡ ಅಧ್ಯಯನಕ್ಕಿಂತ ಎಷ್ಟೋ ಮೇಲು.

ಹಂತ 11: ಅಂಕಿಯ ದಾಖಲೆ

ಬೆಟ್ಟದ ಹಿಂದೆ ನೆಟ್‌ವರ್ಕ್ ಇರುವುದಿಲ್ಲ. ಆಫ್‌ಲೈನ್ ಕೆಲಸ ಮಾಡುವ ಓಡಿಕೆ ಅಥವಾ ಕೋಬೋ ಎಂಬ ಫಾರಂ ತುಂಬುವ ಆ್ಯಪ್ ಬಳಸಿ, ಅಥವಾ ರೆಡ್‌ಕ್ಯಾಪ್‌ನ ಮೊಬೈಲ್ ಆವೃತ್ತಿ. ರಾತ್ರಿ ನೆಟ್‌ವರ್ಕ್ ಸಿಗುವಲ್ಲಿ ಅಪ್‌ಲೋಡ್ ಮಾಡಿದ ಮೇಲೆಯೇ ಟ್ಯಾಬ್ ಚಾರ್ಜ್‌ಗೆ ಹಾಕುವ ಅಭ್ಯಾಸ ಇರಲಿ. ಎಚ್‌ಬಿಗೆ 3ರಿಂದ 18, ಹುಟ್ಟುತೂಕಕ್ಕೆ 500ರಿಂದ 5,500 ಗ್ರಾಂ ಎಂಬ ಮಿತಿ ಫಾರಂನಲ್ಲೇ ಇಟ್ಟರೆ 114 ಎಂದೋ 1.14 ಎಂದೋ ಬರೆಯುವ ತಪ್ಪು ಅಲ್ಲೇ ನಿಲ್ಲುತ್ತದೆ. ಗೊತ್ತಿಲ್ಲ ಎಂಬುದಕ್ಕೆ 9.9 ಎಂದು ಹಾಕಬೇಡಿ, ಅದು ನಿಜವಾದ ಎಚ್‌ಬಿಯೂ ಹೌದು.

ಪ್ರತಿಯೊಬ್ಬರಿಗೂ ಅಧ್ಯಯನದ್ದೇ ಸಂಖ್ಯೆ. ಹೆಸರು, ಆರ್‌ಸಿಎಚ್ ಸಂಖ್ಯೆ, ಫೋನ್ ಇರುವ ಪುಸ್ತಕ ಬೇರೆ, ಬೀಗದ ಕಪಾಟಿನಲ್ಲಿ. ವಾರಕ್ಕೊಮ್ಮೆ ಅಂಕಿಗಳ ಕೊನೆಯ ಸ್ಥಾನ ನೋಡಿ. ರಕ್ತದೊತ್ತಡಗಳೆಲ್ಲ 110/70, 120/80 ಎಂದೇ ಇದ್ದರೆ, ಹುಟ್ಟುತೂಕ 2,500ರಲ್ಲೇ ರಾಶಿ ಬಿದ್ದಿದ್ದರೆ, ಯಾರೋ ಅಳೆಯದೆ ಬರೆಯುತ್ತಿದ್ದಾರೆ ಅಥವಾ ತಕ್ಕಡಿ ಕೆಟ್ಟಿದೆ. ಬೈಯದೆ ಜೊತೆಗೆ ಹೋಗಿ ಒಂದು ದಿನ ನೋಡಿ. ಹೆಚ್ಚಿನ ಸಲ ಬಿ.ಪಿ. ಯಂತ್ರದ ಸೆಲ್ ಮುಗಿದಿರುತ್ತದೆ.

ಹಂತ 12: ವಿಶ್ಲೇಷಣೆ

ವಿಶ್ಲೇಷಣೆಯ ಯೋಜನೆಯನ್ನು ಅಂಕಿ ನೋಡುವ ಮೊದಲೇ ಬರೆದು ದಿನಾಂಕ ಹಾಕಿ ಸಹಿ ಮಾಡಿಟ್ಟುಕೊಳ್ಳಿ. ಯಾವ ಗುಂಪಿಗೆ ಹಂಚಿಕೆಯಾಗಿತ್ತೋ ಅದೇ ಗುಂಪಿನಲ್ಲಿ ಎಣಿಕೆ, ಮಾತ್ರೆ ನುಂಗಲಿ ಬಿಡಲಿ. ಉಪಕೇಂದ್ರದ ಹೋಲಿಕೆಯನ್ನು ಗಣನೆಗೆ ತೆಗೆದುಕೊಳ್ಳುವ ಮಿಶ್ರ ಮಾದರಿ ಬಳಸಿ, ಮೊದಲ ಎಚ್‌ಬಿ ಮತ್ತು ಗರ್ಭದ ವಾರವನ್ನು ಅದರಲ್ಲಿ ಸೇರಿಸಿ. 320 ಮಂದಿಗೆ ಸಾಮಾನ್ಯ ಟಿ ಪರೀಕ್ಷೆ ಹಾಕಿದರೆ ಪಿ ಮೌಲ್ಯ (ನಿಜದಲ್ಲಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ) ಸುಳ್ಳಾಗಿ ಚಿಕ್ಕದಾಗುತ್ತದೆ. ಪಿ ಮೌಲ್ಯ ಒಂದನ್ನೇ ಬರೆಯದೆ ವ್ಯತ್ಯಾಸ ಎಷ್ಟು, ಅದರ ಶೇ. 95 ವಿಶ್ವಾಸ ವ್ಯಾಪ್ತಿ ಎಷ್ಟು ಎಂದು ಕೊಡಿ. "0.2 ಗ್ರಾಂ, −0.1ರಿಂದ 0.5" ಎಂದು ಬಂದರೆ ಕಾಫಿಯ ಅಂತರದಿಂದ ಪ್ರಯೋಜನವಿಲ್ಲ ಎಂದು ಸಾಬೀತಾಯಿತು ಎಂದಲ್ಲ, ಗೊತ್ತಾಗಲಿಲ್ಲ ಎಂದರ್ಥ. ಹಾಗೇ ಬರೆಯಿರಿ. ಕ್ಲಸ್ಟರ್ ಪ್ರಯೋಗಗಳಿಗಿರುವ ಕನ್ಸಾರ್ಟ್ (ಪ್ರಯೋಗದ ವರದಿ ಬರೆಯುವ ಮಾರ್ಗಸೂಚಿ) ವಿಸ್ತರಣೆಯ ಪ್ರಕಾರ ಎಷ್ಟು ಉಪಕೇಂದ್ರ, ಎಷ್ಟು ಮಂದಿ ಶುರುವಿನಲ್ಲಿ, ಎಷ್ಟು ಮಂದಿ ಎಲ್ಲಿ ಕಳೆದುಹೋದರು ಎಂಬ ಚಿತ್ರ ಮೊದಲ ಪುಟದಲ್ಲೇ ಇರಲಿ.

ಪ್ರತಿ ಮಹಿಳೆಯ ಎಚ್‌ಬಿ, ಫೆರಿಟಿನ್, ಎಚ್‌ಪಿಎಲ್‌ಸಿ ಫಲಿತಾಂಶವನ್ನು ಬಂದ ವಾರದಲ್ಲೇ ಚೀಟಿಯಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡಿ, ಪ್ರಕಟಣೆಗೆ ಕಾಯಬೇಡಿ. ಕುಡಗೋಲು ಕಣದ ವಾಹಕರು ಎಂದು ತಿಳಿದರೆ ಗಂಡನ ಪರೀಕ್ಷೆ ಹೆರಿಗೆಗೆ ಮುನ್ನ ಆಗುವಂತೆ ನೋಡಿಕೊಳ್ಳಿ. ಅಧ್ಯಯನ ಮುಗಿದ ಮೇಲೆ 16 ಉಪಕೇಂದ್ರಗಳ ಆಶಾಗಳನ್ನು ಕರೆದು ಒಂದು ಪುಟದ ಕನ್ನಡ ಫಲಿತಾಂಶ ಕೊಡಿ. ಹೋಲಿಕೆಗೆ ಉಳಿದಿದ್ದ ಎಂಟು ಉಪಕೇಂದ್ರಗಳಲ್ಲಿ, ಪ್ರಯೋಜನ ಕಂಡಿದ್ದರೆ, ಅದೇ ತರಬೇತಿ ಮುಂದಿನ ತಿಂಗಳ 9ನೇ ತಾರೀಖಿನೊಳಗೆ ಶುರುವಾಗಲಿ.